ಹೆಸರು ಕೇಳಿ ಬಾಗಿಲು ತೆರೆಯುವ ಕಾಕುತ

ಬೆಳಿಗ್ಗೆ ಆರೂ ಮುಕ್ಕಾಲು. ಕನಾಜಾವಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೂಕದ ಯಂತ್ರ ತಯಾರಿಸುವ ಕಂಪನಿಯೊಂದರ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತೆಂಟು ವರ್ಷದ ಕಾಕುತ ಸುಮಿಯೆ ಕೋಟು ಬಿಚ್ಚದೆಯೇ ಕೂತಿದ್ದಾರೆ. ಏಳೂವರೆಗಿಂತ ಮೊದಲು ಹೀಟರ್ ಹಚ್ಚಬಾರದೆಂಬುದು ಕಂಪನಿಯ ನಿಯಮ. ಏಳೂವರೆಗಿಂತ ಮೊದಲು ಕೆಲಸಕ್ಕೆ ಬರುವವರು ಇದ್ದಾರೆಂಬುದು ನಿಯಮ ಮಾಡಿದವರಿಗೆ ಗೊತ್ತಿಲ್ಲ. ಫೋನಿನ ಆ ತುದಿಯಲ್ಲಿ ಫುಕುಯಿ ಶಾಖೆಯ ಗೇಟಿನ ಕಾವಲುಗಾರ.

"ಹತ್ತೂವರೆಗೆ ಬರೋರ ಹೆಸರು ನಾಕಾತಾ ಅಂತಲೋ ನಾಕಾದಾ ಅಂತಲೋ? ಗೊತ್ತಿಲ್ವಾ? ಎಂಟಕ್ಕೆ ಅವರ ಆಫೀಸ್ ತೆಗೀತಾರೆ, ಕೇಳಿ ಹೇಳಿ. ಅಲ್ಲೀವರೆಗೆ ನಾನು ಚೀಟಿ ಮಾಡಲ್ಲ," ಎನ್ನುತ್ತಾರೆ ಕಾಕುತ.

ಕಂಪನಿಗೆ ಆರು ಊರುಗಳಲ್ಲಿ ಕಚೇರಿಗಳಿವೆ. ಎಲ್ಲ ಸೇರಿ ದಿನಕ್ಕೆ ಐವತ್ತರ ಆಸುಪಾಸು ಹೊರಗಿನವರು ಬರುತ್ತಾರೆ. ಗಿರಾಕಿಗಳು, ತಪಾಸಣೆಯವರು, ಲಿಫ್ಟ್ ರಿಪೇರಿಯವರು, ಹೀಗೆ. ಬಂದವರಿಗೆ ಚಹಾ ಕೊಟ್ಟಷ್ಟೇ ಸಹಜವಾಗಿ ವೈಫೈ ಕೊಡಬೇಕು. ಆದರೆ ಅದರ ಮೂಲಕ ಅವರು ಕಂಪನಿಯ ಕಡತಗಳತ್ತ ಇಣುಕುವಂತಾಗಬಾರದು. ಅದಕ್ಕೆಂದು ಅತಿಥಿಗಳಿಗೇ ಬೇರೆ ಜಾಲವಿದೆ. ಅದು ಯಾರಿಗೆ, ಯಾವ ಊರಿನಲ್ಲಿ, ಎಷ್ಟು ಗಂಟೆಯವರೆಗೆ ತೆರೆದಿರಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವವರು ಕಾಕುತ ಒಬ್ಬರೇ. ಅತಿಥಿ ಬರುವ ಹೊತ್ತಿಗೆ ಗೇಟಿನಲ್ಲಿ ಒಂದು ಚೀಟಿ ಸಿದ್ಧವಿರುತ್ತದೆ. ಅದರಲ್ಲಿರುವ ಸಂಖ್ಯೆಯನ್ನೂ ತಮ್ಮ ಹೆಸರಿನ ಉಚ್ಚಾರವನ್ನೂ ಫೋನಿನಲ್ಲಿ ಒತ್ತಿದರೆ ವೈಫೈ ಸಿಗುತ್ತದೆ, ಸಂಜೆ ತಾನಾಗಿ ಮುಚ್ಚುತ್ತದೆ. ಬೆಳಿಗ್ಗೆ ತೊಯಾಮಾ ಶಾಖೆಯಲ್ಲಿದ್ದು ಮಧ್ಯಾಹ್ನ ಫುಕುಯಿಗೆ ಹೋಗುವವರಿದ್ದರೆ, ಅದೇ ಚೀಟಿ ಅಲ್ಲಿಯೂ ನಡೆಯುವಂತೆ ರೈಲಿನ ವೇಳೆ ನೋಡಿ ಹೊಂದಿಸಿಡುತ್ತಾರೆ.

ತೊಡಕೆಲ್ಲ ಇರುವುದು ಹೆಸರಿನಲ್ಲಿ. ಇಲ್ಲಿನ ಲಿಪಿಯಲ್ಲಿ ವಿಸಿಟಿಂಗ್ ಕಾರ್ಡಿನ ಮೇಲಿನ ಅಕ್ಷರ ಒಂದೇ ಆದರೂ ಅದನ್ನು ಓದುವ ಬಗೆ ಎರಡೋ ಮೂರೋ. ಯಾವುದು ಸರಿ ಎಂಬುದು ಹೆಸರಿನ ಒಡೆಯನಿಗೇ ಗೊತ್ತು. ತಪ್ಪು ಓದಿ ದಾಖಲಿಸಿದರೆ, ಆತ ತನ್ನ ಹೆಸರನ್ನು ಎಷ್ಟು ಸಲ ಒತ್ತಿದರೂ ಜಾಲದ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ದಿನಾ ಮುಂಜಾನೆ ಆರೂ ಗೇಟುಗಳಿಗೆ ಈ ಫೋನು.

ಏಪ್ರಿಲ್‌ನಿಂದ ಈ ಫೋನು ಬೇಡವೆಂದು ಮೇಲಿನವರು ತೀರ್ಮಾನಿಸಿದ್ದಾರೆ. ಪ್ರತಿ ಗೇಟಿನಲ್ಲೂ ಒಂದು ಯಂತ್ರ ಕೂರುತ್ತದಂತೆ. ಕಾರ್ಡು ತೋರಿಸಿದರೆ ತಾನೇ ಹೆಸರು ಓದಿ, ತಾನೇ ಸ್ವಾಗತ ಹೇಳಿ, ತಾನೇ ಚೀಟಿ ಕೊಡುತ್ತದೆ. ಉಳಿದಿರುವುದು ಒಂದೇ ಶಾಸ್ತ್ರ: 'ಪರೀಕ್ಷಿಸಿದೆ, ತಕರಾರಿಲ್ಲ' ಎಂಬ ಪತ್ರಕ್ಕೆ ಕಾಕುತ ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಬೇಕು. ಮೂರು ವಾರದಿಂದ ಆ ಪತ್ರ ಅವರ ಮೇಜಿನ ಮೇಲಿದೆ. ಅವರದು ವರ್ಷವರ್ಷ ಹೊಸದಾಗಿ ಬರೆಯುವ ಒಪ್ಪಂದದ ನೌಕರಿ, ಮಾರ್ಚ್ ಕೊನೆಗೆ ಮುಗಿಯುತ್ತದೆ. ಮುದ್ರೆ ಒತ್ತದವರ ಒಪ್ಪಂದವನ್ನು ಮತ್ತೆ ಬರೆಯುತ್ತಾರೆಂಬ ಭರವಸೆಯೇನೂ ಇಲ್ಲ.

"ಕೆಲಸ ಹೋದ್ರೆ ಹೋಗ್ಲಿ ಅನ್ನೋಷ್ಟು ಅನುಕೂಲಸ್ಥೆ ಅಲ್ಲ ನಾನು," ಎನ್ನುತ್ತಾರೆ. "ಬಾಡಿಗೆ ಮನೆ. ಮೊಣಕಾಲು ನೋವು ಬೇರೆ. ಆದ್ರೂ ತಕರಾರು ಇರೋವಾಗ ಇಲ್ಲ ಅಂತ ಹೆಂಗೆ ಬರೀಲಿ?"

ಕಾಕುತ ಮೊದಲು ದೊಡ್ಡ ಅಂಗಡಿಯೊಂದರ ಟೆಲಿಫೋನ್ ಆಪರೇಟರ್. ಹತ್ತೊಂಬತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು. ಅಂಗಡಿ ಮುಚ್ಚಿದಾಗ ವಯಸ್ಸು ನಲವತ್ತಾರು. ಗ್ರಂಥಾಲಯದ ಪುಸ್ತಕಗಳನ್ನೇ ಓದಿ ನೆಟ್‌ವರ್ಕ್ ಪರೀಕ್ಷೆಗೆ ಕೂತರು. ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದರು. ಏಜೆನ್ಸಿಯೊಂದು ಅವರನ್ನು ಈ ಕಂಪನಿಗೆ ಕಳಿಸಿತು. ಮೊದಲ ದಿನ ಯಾರೋ ಅವರ ಹೆಸರಿನ ಅಕ್ಷರಗಳನ್ನು 'ತ್ಸುನೋದ' ಎಂದು ಓದಿ, ಗೌರವದ 'ಸಾನ್' ಸೇರಿಸಿ ಕರೆದರು. ಹಾಗೂ ಓದಬಹುದು, ಅಕ್ಷರ ಅದೇ. ಹೊರಗಿನಿಂದ ಬಂದವಳು ಬಂದ ದಿನವೇ ತಿದ್ದುವುದು ಹೇಗೆಂದು ಸುಮ್ಮನಾದರು. ಮರುದಿನ ತಿದ್ದಲು ಇನ್ನೂ ಸಂಕೋಚವಾಯಿತು.

"ಮೂರು ವರ್ಷ ತ್ಸುನೋದ ಸಾನ್ ಅಂದ್ರು, ಮೂರು ವರ್ಷ ಹಾಂ ಅಂದೆ," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ. "ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು 'ಕಾಕುತ, ಕಾಕುತ' ಅಂತ ಹೇಳ್ಕೊಂಡಿದ್ದೂ ಉಂಟು. ಹೊರಗಿನೋರು ಬಾಯಿ ಬಿಡಲ್ಲ ನೋಡಿ. ನಾವೇ ಕೇಳ್ಬೇಕು."

ಹಾಗಂತ ಆಕೆ ಬಂದವರಿಗೆಲ್ಲ ಕರಗುವ ಜೀವವಲ್ಲ. ಒಮ್ಮೆ ನಿರ್ದೇಶಕರೊಬ್ಬರು ತಮ್ಮ ಗಾಲ್ಫ್ ಗೆಳೆಯನಿಗೆ ಆರೂ ಕಚೇರಿಗಳಲ್ಲಿ ವರ್ಷವಿಡೀ ನಡೆಯುವ ಚೀಟಿ ಮಾಡಿಕೊಡಿ ಎಂದು ಹೇಳಿ ಕಳಿಸಿದರು. ಸಂಜೆ ಮನೆಗೆ ಹೋಗುವವರಿಗೆ ಸಂಜೆಯವರೆಗೆ ಮಾತ್ರ, ಇಲ್ಲೇ ಇರುವುದಾದರೆ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಕಾಕುತ ತಿರುಗಿ ಹೇಳಿ ಕಳಿಸಿದರು. ಆ ಗೆಳೆಯ ಈಗಲೂ ಬಂದಾಗಲೆಲ್ಲ ಗೇಟಿನಲ್ಲಿ ಸಾಲು ನಿಂತು ಚೀಟಿ ಪಡೆಯುತ್ತಾನೆ.

ಈಗಿನ ತಕರಾರು ಹುಟ್ಟಿದ್ದು ನವೆಂಬರ್‌ನಲ್ಲಿ, ಫುಕುಯಿ ಗೇಟಿನಲ್ಲಿ ಯಂತ್ರವನ್ನು ಪರೀಕ್ಷೆಗೆಂದು ಇಟ್ಟಾಗ. ಉಪ್ಪಿನಕಾಯಿ ಕಾರ್ಖಾನೆಯ ಯಜಮಾನ ಮಿತಾರಾಯಿ, ಎಪ್ಪತ್ತೊಂದರ ಹಿರಿಯರು, ಮೂವತ್ತು ವರ್ಷದ ಗಿರಾಕಿ, ಅಂದು ಬಂದರು. ಕಾರ್ಡು ತೋರಿಸಿದರು. ಅವರ ಹೆಸರಿನ ಅಕ್ಷರಗಳನ್ನು ಇನ್ನೊಂದು ಬಗೆಯಲ್ಲಿ ಓದಿದರೆ 'ಒತೆಯರಾಯಿ' ಆಗುತ್ತದೆ, ಅಂದರೆ ಶೌಚಾಲಯ. ಯಂತ್ರ ಹಾಗೆಯೇ ಓದಿತು. ಹತ್ತು ಜನ ಕೂತಿದ್ದ ಹಜಾರದಲ್ಲಿ, ಗಟ್ಟಿ ದನಿಯಲ್ಲಿ, ಬಹುವಚನ ಹಚ್ಚಿ ಶೌಚಾಲಯದವರಿಗೆ ಸ್ವಾಗತ ಕೋರಿತು. ಯಾರೋ ಕಿಸಕ್ಕೆಂದರು. ಮಿತಾರಾಯಿ ಚೀಟಿ ತೆಗೆದುಕೊಂಡು, ತಲೆಬಾಗಿ, ಒಳಗೆ ಹೋಗಿ ಕೂತರು. ಅವರ ಫೋನಿಗೆ ಕೊನೆಯವರೆಗೂ ವೈಫೈ ಸಿಗಲಿಲ್ಲ. ಹೆಸರು ಒತ್ತುವ ಕಡೆ ಅವರು ತಮ್ಮ ಹೆಸರನ್ನೇ ಒತ್ತಿದ್ದರು.

ಸಂಜೆ ಕಾವಲುಗಾರ ವಿಷಯ ತಿಳಿಸಿದ ಕೂಡಲೇ ಕಾಕುತ ಹಿರಿಯರಿಗೆ ಫೋನು ಮಾಡಿ ಕ್ಷಮೆ ಕೇಳಿದರು. ಅವರು ಸಿಟ್ಟಾಗಲಿಲ್ಲ. "ಬಿಡೀಮ್ಮ. ಶಾಲೇಲಿ ಹುಡುಗ್ರೆಲ್ಲ ಹಾಗೇ ಕರೀತಿದ್ರು. ಈ ವಯಸ್ಸಿಗೆ ಮುಗೀತು ಅಂದ್ಕೊಂಡಿದ್ದೆ," ಎಂದರಂತೆ. ಅದನ್ನು ಹೇಳುವಾಗ ಕಾಕುತರ ಕಣ್ಣು ತುಂಬುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ಆ ಹೆಸರನ್ನು ಯಂತ್ರಕ್ಕೆ ಕಲಿಸಿಬಿಟ್ಟರೆ ಆಯಿತಲ್ಲ ಎಂದು ಸಭೆಯಲ್ಲಿ ಯಾರೋ ಹೇಳಿದ್ದರು. ಮುಂದಿನ ಹೆಸರನ್ನು ಕಲಿಸಲು ಹೀಗೆ ಅವಮಾನಪಡಬೇಕಾದ ಮುಂದಿನ ಮುದುಕರನ್ನು ನಿಮ್ಮಲ್ಲಿ ಯಾರು ಆರಿಸುತ್ತೀರಿ ಎಂದು ಕಾಕುತ ಕೇಳಿದರು. ಸಭೆ ಅಲ್ಲಿಗೆ ಮುಗಿಯಿತು.

ಎಂಟೂ ಹತ್ತು. ಹೀಟರ್ ಬೆಚ್ಚಗಾಗಿದೆ, ಕೋಟು ಕುರ್ಚಿಯ ಬೆನ್ನಿಗೆ ಬಂದಿದೆ. ನಲವತ್ತೇಳು ಚೀಟಿಗಳು ಆರು ಊರುಗಳಿಗೆ ಹೋಗಿಯಾಗಿದೆ. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥ ಹಿರುಮಾ, ಹುದ್ದೆಯ ಹೆಸರಿನಿಂದ ಎಲ್ಲರ ಬಾಯಲ್ಲಿ 'ಕಾಚೋ', ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. ಕೆಟ್ಟ ಮನುಷ್ಯನಲ್ಲ, ಇಂದು ಮಧ್ಯಾಹ್ನದೊಳಗೆ ಪತ್ರ ಮೇಲೆ ಹೋಗದಿದ್ದರೆ ಅವರ ತಲೆಗೆ ಬರುತ್ತದೆ. ಪತ್ರದ ಮೇಲೆ ಉಳಿದವರ ಮುದ್ರೆಗಳು ಆಗಲೇ ಬಿದ್ದಿವೆ. ಕೆಳಗಿನವರು ಮುದ್ರೆ ಒತ್ತುವಾಗ ಅದನ್ನು ಎಡಗಡೆಯ ಮೇಲಿನವರ ಚೌಕದತ್ತ ಕೊಂಚ ವಾಲಿಸುವುದು ಈ ಕಚೇರಿಯ ವಾಡಿಕೆ, ತಲೆಬಾಗಿ ವಂದಿಸಿದಂತೆ. ಎಲ್ಲ ಮುದ್ರೆಗಳೂ ಸಾಲಾಗಿ ಎಡಕ್ಕೆ ಬಾಗಿ ನಿಂತಿವೆ.

"ಕಾಕುತ ಸಾನ್, ಇವತ್ತಾದ್ರೂ ಮುಗಿಸಿಕೊಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ," ಎನ್ನುತ್ತಾರೆ ಹಿರುಮಾ, ದನಿ ತಗ್ಗಿಸಿ.

ಕಾಕುತ ಪೆನ್ನು ತೆಗೆದು 'ತಕರಾರಿಲ್ಲ' ಎಂಬ ಮಾತಿನ ಮೇಲೆ ಗೀಟು ಎಳೆಯುತ್ತಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ: 'ತಕರಾರಿದೆ. ಅತಿಥಿಯ ಹೆಸರನ್ನು ಅತಿಥಿಯನ್ನೇ ಕೇಳಬೇಕು.' ಮುದ್ರೆಯನ್ನು ಕೆಂಪು ಶಾಯಿಗೆ ಅದ್ದಿ, ಚೌಕದ ನಟ್ಟನಡುವೆ ಊರಿ ಒತ್ತುತ್ತಾರೆ. ಹಿರುಮಾ ಗೀಟನ್ನು ನೋಡುವುದಿಲ್ಲ, ಬರೆದದ್ದನ್ನೂ ನೋಡುವುದಿಲ್ಲ. ಅವರ ಕಣ್ಣು ಮುದ್ರೆಯ ಮೇಲೆ ನಿಲ್ಲುತ್ತದೆ.

"ನೆಟ್ಟಗೆ ಒತ್ತಿದೀರಲ್ಲ."

"ವಾಲಿಸಿದ್ರೆ ಹೆಸರು ಓದೋಕೆ ಕಷ್ಟ ಆಗುತ್ತೆ, ಕಾಚೋ," ಎಂದು ಕಾಕುತ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ.