ಹಲಸಿನ ಗಿಟಾರಿಗೆ ನನ್ನ ಕೈಯ ಅಳತೆ

ಆಗೆಲ್ಲ ಬೇಸಿಗೆ ರಜೆ ಎಂದರೆ ನಮ್ಮ ಅಂಗಳದಲ್ಲಿ ಎರಡೇ ವಾಸನೆ. ಚಾಪೆಯ ಮೇಲೆ ಒಣಗುವ ಹಲಸಿನ ಹಪ್ಪಳದ್ದು ಒಂದು, ಅಪ್ಪನ ಮರಗೆಲಸದ ಕೊಟ್ಟಿಗೆಯಿಂದ ಬರುವ ಹಲಸಿನ ಮರದ ಹುಡಿಯದ್ದು ಇನ್ನೊಂದು. ‘ಆಗೆಲ್ಲ’ ಎನ್ನುವಷ್ಟು ಮುದುಕಿ ನಾನಲ್ಲ. ನಾನು ಐದನೇ ಕ್ಲಾಸು ಮುಗಿಸಿದ ರಜೆ ಅದು, ಹದಿನಾಲ್ಕು ವರ್ಷವೂ ಆಗಿಲ್ಲ. ನಿಮಗೂ ಅಂಥ ಒಂದು ರಜೆ ಇದ್ದೀತು, ಯಾರದೋ ಕೈಯಲ್ಲಿದ್ದ ವಸ್ತುವಿಗಾಗಿ ಹೊಟ್ಟೆ ಉರಿದುಕೊಂಡು ಊಟ ಸೇರದೆ ಹೋದ ರಜೆ.

ಆ ವರ್ಷ ದುಬೈಯಿಂದ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಕಲ್ಲಡ್ಕದ ನಮ್ಮ ಮನೆಗೆ ಬಂದರು. ಜೊತೆಗೆ ಮಗಳು ದೀಕ್ಷಾ. ನನಗಿಂತ ಬರೀ ಎಂಟು ತಿಂಗಳು ದೊಡ್ಡವಳು, ಅಷ್ಟಕ್ಕೇ ‘ದೀಕ್ಷಕ್ಕ’ ಎಂದು ಕರೆಯಬೇಕಾದ ಕರ್ಮ ನನ್ನದು. ಅವಳ ಬೆನ್ನಲ್ಲಿ ಶಾಲೆಯ ಚೀಲದಷ್ಟು ದೊಡ್ಡ ಒಂದು ಚೀಲ. ಅದರಿಂದ ಏನೋ ಒಂದು ಪೆಟ್ಟಿಗೆಯಂಥದ್ದನ್ನು ತೆಗೆದಳು, ಬಿಡಿಸಿದಳು, ‘ಟಕ್’ ಎಂದು ಶಬ್ದವಾಯಿತು. ನೋಡಿದರೆ ಇಡೀ ಗಿಟಾರು! ಕುತ್ತಿಗೆಯ ಬುಡದಲ್ಲಿ ಮಡಚುವ ಗಿಟಾರು. ವಿಮಾನದಲ್ಲಿ ಸೀಟಿನ ಹತ್ತಿರವೇ ಇಟ್ಟುಕೊಂಡು ಬಂದಳಂತೆ.

ಅವಳು ಬಾರಿಸಿದ್ದು ನನ್ನನ್ನು ಅಷ್ಟು ಸುಡಲಿಲ್ಲ. ಸುಟ್ಟದ್ದು ಅಪ್ಪ. ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡೇ ಓಡಿ ಬಂದವರು ಆ ಗಿಟಾರನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಮಡಿಕೆಯ ಬಿಜಾಗ್ರಿಗೆ ಬೆರಳು ಸವರಿ, "ಎಂಥ ಕೆಲಸ ಮಾರಾಯ್ತಿ! ಕೂದಲು ಹೋಗ್ಲಿಕ್ಕೆ ಎಡೆ ಇಲ್ಲ," ಎಂದರು. ನನ್ನ ಯಾವ ಚಿತ್ರಕ್ಕೂ, ಯಾವ ಮಾರ್ಕಿಗೂ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

ಉರಿಯುವುದಕ್ಕೆ ಎಣ್ಣೆ ಹೊಯ್ಯಲು ಅತ್ತೆ ಇದ್ದರು. ನಮ್ಮ ಕಡೆ ಸೋದರಮಾವ ಎಂದರೆ ಸಾಮಾನ್ಯದ ಸಂಬಂಧವಲ್ಲ. ಹಿಂದೆ ಮನೆ, ಗದ್ದೆ ಎಲ್ಲ ಮಾವನಿಂದ ಅವನ ಅಕ್ಕತಂಗಿಯರ ಮಕ್ಕಳಿಗೇ ಹೋಗುತ್ತಿದ್ದದ್ದು. ಕಾನೂನು ಬದಲಾದರೂ ತಮಾಷೆ ಬದಲಾಗಿಲ್ಲ.

"ನೋಡು ಪುಟ್ಟಿ, ನಿನ್ನ ಅಪ್ಪ ಮೊದಲು ಇವಳಿಗೆ ಮಾವ, ಮತ್ತೆ ನಿನಗೆ ಅಪ್ಪ. ಕೊಟ್ಟಿಗೆಯಲ್ಲಿ ಇದ್ದದ್ದೆಲ್ಲ ಇವಳಿಗೇ," ಎಂದು ಅತ್ತೆ ನಕ್ಕರು. ಎಲ್ಲರೂ ನಕ್ಕರು. ನಾನು ಮುಖ ಊದಿಸಿಕೊಂಡು ಪುನರ್ಪುಳಿ ಶರಬತ್ತಿನ ಲೋಟವನ್ನು ಮೆಟ್ಟಿಲಲ್ಲೇ ಬಿಟ್ಟು ಎದ್ದು ಹೋದೆ.

ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ನನಗೂ ಬೇಕು," ಎಂದೆ.

ಅಪ್ಪ ಉಳಿ ಕೆಳಗಿಟ್ಟರು. "ಮಾಡುವ," ಎಂದರು. ಅಷ್ಟೇ.

ಅಪ್ಪ ಟೇಪು ಹಿಡಿಯುತ್ತಿದ್ದದ್ದು ಬಾಗಿಲು, ಕಿಟಕಿ, ಮಂಚಗಳಿಗೆ. ಮನುಷ್ಯರು ಕೈಯಲ್ಲಿ ಹಿಡಿಯುವ ಸಾಮಾನಿಗೆ, ಕತ್ತಿಯ ಹಿಡಿಯಿರಲಿ ಸುತ್ತಿಗೆಯ ಹಿಡಿಯಿರಲಿ, ತೆಂಗಿನ ಗರಿಯ ಕಡ್ಡಿಯಲ್ಲಿ ಅವರವರ ಕೈಯ ಅಳತೆ ತೆಗೆಯುತ್ತಿದ್ದರು. ಆ ಕಡ್ಡಿಗಳು ಮಾಡಿನ ಹೆಂಚಿನ ಸಂದಿಯಲ್ಲಿ ಸಾಲಾಗಿ ಸಿಕ್ಕಿಕೊಂಡಿರುತ್ತಿದ್ದವು. ಇಂಥ ಕಡ್ಡಿ ಇಂಥವರದ್ದು ಎಂದು ಅವರಿಗೆ ಮಾತ್ರ ಗೊತ್ತು. ಅವತ್ತು ನನ್ನ ಎಡಗೈ ಬಿಡಿಸಿ ಹಿಡಿದು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಕಡ್ಡಿ, ಅಂಗೈಯ ಅಗಲಕ್ಕೆ ಇನ್ನೊಂದು ಕಡ್ಡಿ ಮುರಿದರು.

ನಾರಾವಿಯಲ್ಲಿ ಯಾರೋ ಮನೆ ಕೆಡವಿದಾಗ ತಂದಿಟ್ಟ ಹಳೇ ಪತ್ತಾಯದ ಹಲಗೆ ಇತ್ತು. ತಲೆಮಾರುಗಳ ಕಾಲ ಭತ್ತ ತುಂಬಿಟ್ಟು ಒಣಗಿದ ಹಲಸು. ಕೀಸುಳಿ ಹಾಕಿದ ಹಾಗೆ ಒಳಗಿಂದ ಅರಸಿನ ಬಣ್ಣ ಎದ್ದು ಬಂತು. ಹಲಗೆಯನ್ನು ತೆಳ್ಳಗೆ ಮಾಡಿ ಬೆರಳ ಗಂಟಿನಿಂದ ತಟ್ಟುವುದು, ಕಿವಿ ಇಡುವುದು, ಮತ್ತೆ ಕೀಸುವುದು. ಹಿಂದೆ ಮದ್ದಳೆಯ ಮರ ಕೊರೆದು ಕೊಡುತ್ತಿದ್ದ ಕೈ ಅದು. ತಂತಿ ಮತ್ತು ಅದನ್ನು ಬಿಗಿಯುವ ತಿರುಗಣೆ ಮಾತ್ರ ಮಂಗಳೂರಿನಿಂದ ತರಿಸಿದರು.

ನಾನು ದಿನಾ ಹೋಗಿ ಕೇಳುತ್ತಿದ್ದದ್ದು ಒಂದೇ. "ಮಡಚ್ತದಾ?"

"ಮಂಚ ಮಡಚುದು ಉಂಟು, ಕುರ್ಚಿ ಮಡಚುದು ಉಂಟು. ಇದನ್ನು ಮಡಚಿ ನೀನು ಎಲ್ಲಿಗೆ ವಿಮಾನ ಹತ್ತುದು? ಮೂಡಬಿದಿರೆಗಾ?"

"ದೀಕ್ಷಕ್ಕನದ್ದು ಮಡಚ್ತದೆ."

"ಅವಳದ್ದು ಅವಳದ್ದು ಮಗಾ. ಇದು ನಿನ್ನದ್ದು."

ಗಿಟಾರು ಮುಗಿದದ್ದು ಅತ್ತೆ ಹೊರಡುವ ಎರಡು ದಿನ ಮೊದಲು. ಹಿಡಿದರೆ ಕೈಯೊಳಗೆ ಕೂತುಬಿಡುತ್ತಿತ್ತು, ಬೆರಳು ಎಲ್ಲಿಗೂ ಚಾಚಬೇಕಾಗಿರಲಿಲ್ಲ. ಆದರೂ ನನ್ನ ಕಣ್ಣಿಗೆ ಅದು ಬರೀ ಹಳದಿ ಪೆಟ್ಟಿಗೆ. ಬಿಜಾಗ್ರಿ ಇಲ್ಲ, ‘ಟಕ್’ ಇಲ್ಲ.

ದೀಕ್ಷಕ್ಕ ಅದನ್ನು ತೆಗೆದು ಒಂದು ತಂತಿ ಮೀಟಿದಳು. ಸ್ವರ ಎದ್ದು ಜಗಲಿಯಲ್ಲಿ ಸುಮಾರು ಹೊತ್ತು ನಿಂತಿತು. ಅವಳು ಕಿವಿಗೊಟ್ಟಳು, ಮತ್ತೆ ಮೀಟಿದಳು, ಮತ್ತೆ ಕಿವಿಗೊಟ್ಟಳು.

"ಮಾವ, ಇದು ನನಗೆ ಕೊಡ್ತೀರಾ?"

ಅಪ್ಪ ನನ್ನ ಕಡೆ ನೋಡಿದರು. "ಅದು ಅವಳದ್ದು. ಅವಳನ್ನು ಕೇಳು."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ನಿನ್ನದು ಕೊಟ್ಟರೆ ಇದನ್ನು ಕೊಡ್ತೇನೆ," ಎಂದೆ.

ಅವಳು ಕೊಟ್ಟೇಬಿಟ್ಟಳು. ನಾನು ಗೆದ್ದೆ! ಅಪ್ಪ ಕೊಟ್ಟಿಗೆಗೆ ಹೋಗಿ ಮರದ ಹುಡಿ ಗುಡಿಸಲು ಶುರುಮಾಡಿದರು. ಬೆಳಿಗ್ಗೆಯಷ್ಟೇ ಗುಡಿಸಿದ್ದ ನೆಲವದು. ಅದು ನನಗೆ ಕಂಡಿತ್ತು, ಆದರೆ ಆ ಹೊತ್ತಿಗೆ ನಾನು ಮಡಚುವುದರಲ್ಲಿ, ಬಿಡಿಸುವುದರಲ್ಲಿ ಮುಳುಗಿದ್ದೆ.

ಶಾಲೆ ಶುರುವಾದ ಮೇಲೂ ನಾನು ಮಾಡಿದ್ದು ಅಷ್ಟೇ. ಎಲ್ಲರ ಕಣ್ಣು ಕುಕ್ಕುವ ಹಾಗೆ ಮಡಚಿದ್ದು, ಬಿಡಿಸಿದ್ದು. ಬಾರಿಸಲು ಕಲಿಯಲಿಲ್ಲ, ಅದರ ಕುತ್ತಿಗೆ ನನ್ನ ಕೈಗೆ ದಪ್ಪ, ಬೆರಳು ತಂತಿಗೆ ಎಟುಕುತ್ತಿರಲಿಲ್ಲ. ದಸರಾ ರಜೆಯ ಹೊತ್ತಿಗೆ ಮಡಿಕೆ ಸಡಿಲವಾಗಿ ಅಲ್ಲಾಡತೊಡಗಿತು. ಅಪ್ಪನ ಹತ್ತಿರ ಕೊಟ್ಟರೆ ತಿರುಗಿಸಿ ನೋಡಿ, "ಇದು ನನ್ನ ಕೈಯ ಕೆಲಸ ಅಲ್ಲ ಮಗಾ," ಎಂದು ವಾಪಸು ಕೊಟ್ಟರು. ಈಗಲೂ ಅದು ಕಪಾಟಿನಲ್ಲಿದೆ, ಮಡಚಿಕೊಂಡು.

ದೀಕ್ಷಕ್ಕ ಈಗ ದುಬೈಯಲ್ಲಿ ಮಕ್ಕಳಿಗೆ ಗಿಟಾರು ಕಲಿಸುತ್ತಾಳೆ. ಹೋದ ತಿಂಗಳು ಒಂದು ವಿಡಿಯೊ ಕಳಿಸಿದ್ದಳು. ಯಾರೋ ಹತ್ತು ವರ್ಷದ ಹುಡುಗಿಯ ಮಡಿಲಲ್ಲಿ ನನ್ನ ಹಲಸಿನ ಗಿಟಾರು. ಬಣ್ಣ ಮಾಗಿ ಜೇನಿನ ಹಾಗಾಗಿದೆ. "ಸಣ್ಣ ಕೈಯವರಿಗೆಲ್ಲ ಮೊದಲು ಇದನ್ನೇ ಕೊಡುದು. ಮಾವ ಹೇಗೆ ಅಷ್ಟು ಸರಿ ಅಳತೆ ಹಿಡಿದ್ರೋ," ಎಂದು ಬರೆದಿದ್ದಳು. ನನಗೆ ಹೇಗಾಗಬೇಡ! ನನ್ನ ಅಂಗೈಯ ಅಗಲದ ಮೇಲೆ ಗುರುತಿಲ್ಲದ ಮಕ್ಕಳೆಲ್ಲ ಸ್ವರ ಕಲಿತು ಹೋಗುತ್ತಿದ್ದಾರೆ. ಹೊಟ್ಟೆಕಿಚ್ಚು ಕಡಿಮೆಯಾಗಿಲ್ಲ ನೋಡಿ, ಅದರ ಮುಖ ಮಾತ್ರ ತಿರುಗಿದೆ. ಅವತ್ತು ಅವಳ ವಸ್ತುವಿಗೆ ಉರಿದೆ, ಈಗ ನನ್ನ ವಸ್ತುವಿಗೇ ಉರಿಯುತ್ತಿದ್ದೇನೆ.

ಅಪ್ಪ ಕೊಟ್ಟಿಗೆ ಬಿಚ್ಚಿಸಿ ವರ್ಷಗಳಾದವು. ಹೆಂಚು ಇಳಿಸುವಾಗ ಆ ಕಡ್ಡಿಗಳೆಲ್ಲ ಕಸದ ಜೊತೆ ಬಚ್ಚಲೊಲೆಗೆ ಹೋದವು. ಈಗ ಹೈವೇ ಬದಿಯಲ್ಲಿ ಅವರ ಅಂಗಡಿ. ಕಂಪೆನಿಯಿಂದಲೇ ತಯಾರಾಗಿ ಬರುವ ಬಾಗಿಲುಗಳನ್ನು ಮಾರುತ್ತಾರೆ. ವಿಡಿಯೊ ತೋರಿಸಲು ಅಲ್ಲಿಗೇ ಹೋದೆ. ಅವರು ಎರಡು ಸಲ ನೋಡಿದರು.

"ಅಪ್ಪ, ಇನ್ನೊಂದು ಮಾಡಿ ಕೊಡ್ತೀರಾ?" ಎಂದೆ.

"ಯಾರ ಕೈಗೆ?"

ನಾನು ಎಡಗೈ ಬಿಡಿಸಿ ಮೇಜಿನ ಮೇಲಿಟ್ಟೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು.

"ಈ ಕೈಯ ಅಳತೆ ನಾನು ತೆಗೆದೇ ಇಲ್ಲವಲ್ಲ ಮಗಾ," ಎಂದರು.

ಅಷ್ಟರಲ್ಲಿ ಬಚ್ಚಲಿನ ಬಾಗಿಲು ಕೇಳಿಕೊಂಡು ಯಾರೋ ಬಂದರು. ಅಪ್ಪ ಟೇಪು ಹಿಡಿದುಕೊಂಡು ಎದ್ದು ಹೋದರು. ನಾನು ಕೈ ಮಡಚಿಕೊಂಡೆ.