ಬಂದರಿನ ಹೆಸರಿಗಾಗಿ ಎದ್ದು ನಿಂತವರು

ಯೂಲೆಸ್ ಎಂಬ ಅಮೆರಿಕನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಧಾರವಾಡದ ಆಂಟಿ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದರು. ಯಾರಾದರೂ ಹೆಸರಿನ ಉಚ್ಚಾರ ತಪ್ಪಿದರೆ ಕನ್ನಡಕ ತೆಗೆದು, "ಹೆಸರು ಕೆಡಿಸಬ್ಯಾಡ್ರಿ" ಎನ್ನುತ್ತಿದ್ದರು.

ಒಮ್ಮೆ ಕನ್ನಡ ಸಂಘದ ಮಕ್ಕಳ ಕ್ವಿಜ್‌ಗೆ ಅವರು ತೀರ್ಪುಗಾರರು, ಅಂಕ ಬರೆಯುವವನು ನಾನು. ಅಥೆನ್ಸ್‌ನ ಪ್ರಾಚೀನ ಬಂದರು ಯಾವುದೆಂಬ ಕೊನೆಯ ಪ್ರಶ್ನೆಗೆ ಒಬ್ಬ ಹುಡುಗಿ, "ಪೇರೈಯೆವುಸ್" ಎಂದಳು. ಉತ್ತರದ ಕಾರ್ಡಿನಲ್ಲಿ "ಪಿರೇಯಸ್" ಎಂದಿತ್ತು.

"ರಾಂಗ್ ಆನ್ಸರ್," ಎಂದರು ಸಂಘದ ಅಧ್ಯಕ್ಷರು.

ಆಂಟಿ ಎದ್ದು ನಿಂತರು. "ಕಾರ್ಡಿನಾಗಿರೋದು ಲ್ಯಾಟಿನ್ ಹೆಸರು. ಈಕಿ ಹೇಳಿದ್ದು ಗ್ರೀಕ್ ಹೆಸರು. ಗ್ರೀಕರು ತಮ್ಮ ಬಂದರಿಗೆ ತಾವಿಟ್ಟ ಹೆಸರು ತಪ್ಪೇನ್ರಿ?"

"ಕಾರ್ಡಲ್ಲಿ ಇರೋದೇ ಫೈನಲ್, ಆಂಟಿ."

ಹುಡುಗಿ ಅಳತೊಡಗಿದಳು. ಆಂಟಿ ತಮ್ಮ ತೀರ್ಪುಗಾರರ ಬ್ಯಾಡ್ಜ್ ಕಿತ್ತು ನನ್ನ ಮುಂದಿಟ್ಟರು. "ನೀನರೆ ಖರೇ ಬರಿಯಪ್ಪಾ" ಎಂದು ಹೊರನಡೆದರು.

ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ನಾನು ಸೊನ್ನೆ ಬರೆದೆ. ಇಂದಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.