ಮಂಜಿನ ದಡದ ಮುದುಕಿಗೆ ಫರ್ಗಲ್ ಅತ್ತದ್ದು

ಆರ್ಡ್‌ಗ್ಲಾಸ್ ಬಂದರಿನ ನಮ್ಮ ಪಬ್ಬಿನಲ್ಲಿ ಸೋಮವಾರ ಸಂಜೆ ಆ ಧಾರಾವಾಹಿ ಶುರುವಾಯಿತೆಂದರೆ ಗ್ಲಾಸು ತೊಳೆಯುವ ಸದ್ದೂ ನಿಲ್ಲುತ್ತಿತ್ತು. ದಪ್ಪ ದಪ್ಪ ಕಾದಂಬರಿಗಳಿಂದ ಮಾಡಿದ ಕಥೆ ಅದು. ಎಂದೂ ಮಂಜು ಕರಗದ, ಸಾಯುವವರನ್ನು ದೋಣಿ ಬಂದು ಕರೆದೊಯ್ಯುವ ಒಂದು ದೇಶದ್ದು. ಕಾದಂಬರಿ ಓದಿದವರಿಗೆ ಟಿವಿ ಬದಿಯ ಅಡ್ಡ ಬೆಂಚು. ಮುಂದೇನೆಂದು ಬಾಯಿ ಬಿಟ್ಟವರು ಇಡೀ ಪಬ್ಬಿಗೆ ಕುಡಿಸಬೇಕು. ಹಾಗಾಗಿ ಅವರು ಬಾಯಿಗೆ ಬೀಗ ಹಾಕಿಕೊಂಡು, ಓದದ ನಮ್ಮಂಥವರ ಮುಖ ನೋಡುತ್ತಾ ಒಳಗೊಳಗೇ ನಗುತ್ತಿದ್ದರು. ನನಗೆ ಆ ಬೆಂಚು ಕಂಡರಾಗುತ್ತಿರಲಿಲ್ಲ.

ಫರ್ಗಲ್ ಕೂರುತ್ತಿದ್ದದ್ದು ಮುಂದೆ, ನನ್ನ ಪಕ್ಕ. ಸೀಗಡಿ ಹಿಡಿಯುವ ದೋಣಿಯ ಯಜಮಾನ; ಅವನ ದೋಣಿಯಲ್ಲಿ ಬಲೆ ಎಳೆಯುವವನು ನಾನು, ಗಸ್. ಅದಕ್ಕೆ ಒಂದು ವರ್ಷ ಹಿಂದೆ ಅವನ ಹೆಂಡತಿ ಡಿಂಪ್ನಾ ತೀರಿಕೊಂಡಾಗ, ದೇಹ ಮನೆಯಲ್ಲಿಟ್ಟು ಊರೆಲ್ಲ ಬಂದು ಕೂತಿದ್ದಾಗ, ಅವನು ಒಂದು ಹನಿ ಕಣ್ಣೀರು ಹಾಕದೆ ಬಂದವರಿಗೆಲ್ಲ ಚಹಾ ಹಂಚುತ್ತಾ ಓಡಾಡಿದ್ದ. ಮಗಳು ಬ್ರೋನಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. “ಅಮ್ಮ ಅಂದ್ರೆ ಅವನಿಗೆ ಅಷ್ಟೇ” ಎಂದು ಮಾತು ಬಿಟ್ಟಳು. ಅವಳ ಮನೆ ಅಲ್ಲೇ ಗುಡ್ಡದ ಮೇಲೆ. ವರ್ಷವಾದರೂ ಇಳಿದು ಬಂದಿರಲಿಲ್ಲ. ಬಂದರಿಗೆ ಮರಳುವಾಗಲೆಲ್ಲ ಫರ್ಗಲ್ ಚುಕ್ಕಾಣಿ ಹಿಡಿದು ಆ ಮನೆಯ ಕಿಟಕಿಯನ್ನೇ ನೋಡುತ್ತಿದ್ದ. ನೋಡಿ ನನಗೆ ಸಂಕಟವಾಗುತ್ತಿತ್ತು.

ಆ ಸೋಮವಾರದ ಕಂತಿನಲ್ಲಿ ಹೊಳೆಯ ದಡದಲ್ಲಿ ಒಬ್ಬ ಮುದುಕಿ ಕಾಯುತ್ತಿದ್ದಳು. ಪರದೆ ತುಂಬ ಹಾಲಿನಂಥ ಮಂಜು. ಎಲ್ಲೋ ಹುಟ್ಟು ಹಾಕುವ ಸದ್ದು, ದೋಣಿ ಮಾತ್ರ ಕಾಣದು. ಕಿಟಕಿಯಾಚೆ ನಮ್ಮ ಬಂದರಿಗೂ ಕಡಲ ಮಂಜು ಇಳಿದಿತ್ತು. ಯಾವುದು ಟಿವಿ, ಯಾವುದು ಬಂದರು ಎಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ. ಮುದುಕಿಯ ಪಾದ ಮಂಜಿನಲ್ಲಿ ಕರಗಿತು, ಆಮೇಲೆ ಸೊಂಟ. ಫರ್ಗಲ್ ಎದ್ದು ನಿಂತ.

“ತಡಿಯೇ, ಸ್ವಲ್ಪ ತಡಿ! ದೋಣಿಯವನು ಬರ್ತಿದಾನೆ ಕಣೇ!”

ದೋಣಿ ಬಂತು. ದಡದಲ್ಲಿ ಅವಳ ಶಾಲು ಮಾತ್ರ ಬಿದ್ದಿತ್ತು. ಫರ್ಗಲ್ ಬಿಕ್ಕಿ ಬಿಕ್ಕಿ ಅತ್ತ.

ಅಡ್ಡ ಬೆಂಚಿನಲ್ಲಿ ಪಬ್ಬಿನವನ ಮಗಳು ಓರ್ಲಾ, ಈ ಸಾವು ಬರುವುದನ್ನು ಓದಿ ಬಲ್ಲವಳು, ಮೊಬೈಲು ಹಿಡಿದೇ ಕೂತಿದ್ದಳು. ನೋಡುಗರ ಮುಖ ಸೆರೆಹಿಡಿದು ಇಂಟರ್ನೆಟ್ಟಿಗೆ ಹಾಕುವುದು ಆಗಿನ ಹುಚ್ಚು. ಮರುದಿನಕ್ಕೆ ಫರ್ಗಲ್‌ನ ಅಳು ಲೋಕವೆಲ್ಲ ಸುತ್ತಿತ್ತು. ಕೆಲವರು ಜೊತೆಗೆ ಅತ್ತರು, ಹೆಚ್ಚಿನವರು ನಕ್ಕರು. “ಮುದುಕನಿಗೆ ಅದು ಬರೀ ಕಥೆ ಅಂತ ಯಾರಾದ್ರೂ ಹೇಳ್ರಪ್ಪ” ಎಂದು ಯಾರೋ ಬರೆದಿದ್ದರು. ಓರ್ಲಾಗೆ ನಾನು ಚೆನ್ನಾಗಿ ಬೈದೆ. ಅವಳು ಆ ವಿಡಿಯೋ ಅಳಿಸಿದಳು, ಆದರೆ ಅಷ್ಟರಲ್ಲಿ ಕೈ ಮೀರಿತ್ತು.

ಮುಂದಿನ ಸೋಮವಾರ ಫರ್ಗಲ್ ಬರಲಿಲ್ಲ. ಕರೆಯಲು ಅವನ ಮನೆಗೆ ಹೋದೆ.

“ಬಾರೋ ಮಾರಾಯ. ಎರಡು ದಿನ ನಗ್ತಾರೆ, ಆಮೇಲೆ ಅವ್ರಿಗೆ ಇನ್ನೊಬ್ಬ ಸಿಗ್ತಾನೆ.”

“ಜನ ನಗ್ಲಿ ಬಿಡು ಗಸ್. ಬ್ರೋನಾ ನೋಡಿರ್ತಾಳೆ. ಹೆಂಡ್ತಿಗೆ ಅಳದೋನು ಟಿವಿ ಮುದುಕಿಗೆ ಅತ್ತ ಅಂತಾಳೆ.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬ್ರೋನಾನೇ ಬಂದಳು. ಕೋಟು ಕೂಡ ತೆಗೆಯಲಿಲ್ಲ.

“ಯಾರಿಗೋಸ್ಕರ ಅಳ್ತಿದ್ದೆ ಅವತ್ತು? ನಿಜ ಹೇಳಪ್ಪ.”

ಫರ್ಗಲ್ ಮೇಜು ನೋಡುತ್ತಾ ಹೇಳಿದ: “ಅಮ್ಮ ಹೋದ ದಿನ ದೋಣಿಯ ರೇಡಿಯೋಗೆ ನೀನು ಕರೆದ್ಯಲ್ಲ, ಅಮ್ಮ ನಿನ್ನ ಕೇಳ್ತಿದಾಳೆ ಬಾ ಅಂತ. ಇನ್ನೊಂದು ಸಲ ಬಲೆ ಎಳೆದು ಹೊರಡೋಣ ಅಂದ್ಕೊಂಡೆ. ಬರೋದ್ರೊಳಗೆ ಮುಗಿದಿತ್ತು. ಅವಳನ್ನ ಕಾಯಿಸಿದೋನಿಗೆ ಅವಳ ಮುಂದೆ ಅಳೋ ಹಕ್ಕೆಲ್ಲಿದೆ?”

ನಾನೂ ಆ ದಿನ ದೋಣಿಯಲ್ಲಿದ್ದೆ. ಆ ಕರೆಯ ವಿಷಯ ನಮಗ್ಯಾರಿಗೂ ಅವನು ಹೇಳಿರಲಿಲ್ಲ. ಬ್ರೋನಾ ಗೋಡೆಗೆ ಒರಗಿದಳು. ಈಗ ಬೈದು ಹೊರಟುಹೋಗುತ್ತಾಳೆ ಎಂದುಕೊಂಡೆ.

“ಅಮ್ಮ ನಿನ್ನ ಕೇಳ್ಲಿಲ್ಲಪ್ಪ. ಬೆಳಿಗ್ಗೆಯಿಂದ ಅವಳಿಗೆ ಎಚ್ಚರಾನೇ ಇರ್ಲಿಲ್ಲ. ಅವಳ ಹೆಸರು ಹೇಳಿದ್ರೆ ಬೇಗ ಬರ್ತೀಯ ಅಂತ ಹಾಗಂದೆ. ಒಬ್ಬಳೇ ಇದ್ದೆ, ತುಂಬ ಹೆದರಿಕೆ ಆಗಿತ್ತು. ನಿನ್ನ ಕೇಳಿದ್ದು ನಾನು.”

ಫರ್ಗಲ್ ತಲೆಯೆತ್ತಿ ಮಗಳನ್ನು ನೋಡಿದ. ಆಮೇಲೆ ಮೇಜು ಸುತ್ತಿ ಬಂದು ಅವಳ ಎದುರು ನಿಂತ.

“ಬಂದೆ ಕಣಮ್ಮ” ಎಂದ.